ಡ್ರಮ್ಮು ಶಾಲೆಯಲ್ಲಿ, ಅಭ್ಯಾಸ ಮನೆಯಲ್ಲಿ

ಆಗಸ್ಟ್ 15ರ ಬೆಳಿಗ್ಗೆ ಮಕ್ಕಳ ಬ್ಯಾಂಡು ಕೇಳಿ ಮೈ ಜುಮ್ಮೆನ್ನದ ತಾಯಿ ಯಾರಿದ್ದಾರೆ ಹೇಳಿ? ಆದರೆ "ಮನೆಯಲ್ಲೂ ಅಭ್ಯಾಸ ಮಾಡಿಸಿ" ಅಂತ ಮೇಷ್ಟ್ರು ಹೇಳಿ ಕಳಿಸಿದಾಗ ಪೇಚಾಟ ನಮಗೆ. ಡ್ರಮ್ಮು ಶಾಲೆಯ ಕೋಣೆಯಲ್ಲೇ ಉಳಿಯುತ್ತೆ. ಮನೆಗೆ ಬರೋದು ಬರೀ ಎರಡು ಕೋಲು.

ನನ್ನ ಮಗಳು ಎಂಟನೇ ಕ್ಲಾಸಿನಲ್ಲಿ ಸೈಡ್ ಡ್ರಮ್ಮಿಗೆ ಸೇರಿದಳು. ಬಲಗೈ ಸಲೀಸು, ಎಡಗೈ ಮಾತ್ರ ಹಿಂದೆ. "ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಬೇರೆಯವರನ್ನು ಹಾಕ್ಕೋತೀವಿ" ಅಂದರಂತೆ. ಹುಡುಗಿ ಊಟ ಬಿಟ್ಟು ಅತ್ತಳು. ನಮ್ಮತ್ತೆಯವರು, "ಹೆಣ್ಣುಮಗೂಗೆ ಈ ಡೋಲು ಯಾಕೆ ಬೇಕಿತ್ತೇ?" ಅಂದರು.

ನಾನೇನೂ ಸಂಗೀತ ಕಲಿತವಳಲ್ಲ. ಆದರೆ ಪಕ್ಕದ ಮನೆಯ ಪಾಠದಲ್ಲಿ ಸರಳೆ ವರಸೆಯನ್ನು ಮೊದಲು ನಿಧಾನವಾಗಿ, ಆಮೇಲೆ ಎರಡನೇ ಕಾಲ, ಮೂರನೇ ಕಾಲ ಅಂತ ಹಾಡಿಸೋದು ದಿನಾ ಕಿವಿಗೆ ಬೀಳುತ್ತೆ. ಆ ಉಪಾಯವನ್ನೇ ಹಿಡಿದೆ.

ಹಲಗೆಯ ಮೇಲೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿ ಕೊಟ್ಟೆ. ಕೋಲು ಪುಟಿಯುತ್ತೆ, ಸದ್ದೂ ಕಡಿಮೆ. (ದಿಂಬಾದರೆ ಕೋಲು ಪುಟಿಯೋಲ್ಲ, ಮಣಿಕಟ್ಟು ಬೇಗ ಸೋಲುತ್ತೆ.) ಗೋಡೆ ಗಡಿಯಾರದ ಟಿಕ್ ಟಿಕ್ಕೇ ತಾಳ. ಒಂದು ಟಿಕ್ಕಿಗೆ ಒಂದೇ ಪೆಟ್ಟು: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಯಾವ ಪೆಟ್ಟು ಯಾವ ಕೈಯದು ಅಂತ ಕೇಳುವವರಿಗೆ ಗೊತ್ತಾಗಬಾರದು. ಆ ಪರೀಕ್ಷೆ ನನ್ನದು. ಬೆನ್ನು ತಿರುಗಿಸಿ ಕೂತು ಸೊಪ್ಪು ಸೋಸುತ್ತಾ, "ಇದು ಎಡ!" ಅಂತ ಹಿಡೀತಿದ್ದೆ. ಅವಳಿಗೋ ಹಟ! ಅದು ಸಮನಾದ ಮೇಲೆ ಟಿಕ್ಕಿಗೆ ಎರಡು ಪೆಟ್ಟು. ಪೆರೇಡ್ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ ತಾನೇ, ಲೆಕ್ಕ ಸರಿಹೋಯ್ತು. ಹನ್ನೆರಡನೇ ದಿನ ನಾನು ಒಂದು ಎಡಗೈ ಪೆಟ್ಟನ್ನೂ ಹಿಡಿಯಲಾಗಲಿಲ್ಲ. ಶಾಲೆಯಲ್ಲೂ ಅವಳ ಜಾಗ ಉಳಿಯಿತು.

ದಿನಕ್ಕೆ 15 ನಿಮಿಷ ಸಾಕು, ಸಂಜೆ ಕಾಫಿ ಆದ ಮೇಲೆ ಅಂತ ಹೊತ್ತು ಗೊತ್ತುಮಾಡಿ. ವಾರವೆಲ್ಲಾ ಸುಮ್ಮನಿದ್ದು ಭಾನುವಾರ ಎರಡು ಗಂಟೆ ಕುಟ್ಟಿದರೆ ಕೈ ನೋವು ಬರುತ್ತೆ, ವಿದ್ಯೆ ಬರೋಲ್ಲ. ತಪ್ಪುವ ಜಾಗವನ್ನಷ್ಟೇ ಬಿಡಿಸಿಕೊಂಡು ಬಾರಿಸಲಿ. ಪ್ರತಿ ಸಲ ಮೊದಲಿಂದ ಶುರುಮಾಡಿದರೆ, ಬರುವ ಭಾಗವೇ ಮತ್ತಷ್ಟು ಚೆನ್ನಾಗುತ್ತೆ ಅಷ್ಟೆ. ಭುಜ ನೋಯುತ್ತೆ ಅಂದರೆ ಕೋಲನ್ನು ಬಿಗಿಯಾಗಿ ಹಿಡಿದಿದ್ದಾರಾ ನೋಡಿ.

ನಿಮ್ಮ ಮಗುವಿಗೆ ಬ್ಯೂಗಲ್ ಕೊಟ್ಟಿದ್ದರೆ ಕ್ರಮ ಬೇರೆ. ಅಲ್ಲಿ ಬೆರಳಿಗೆ ಕೆಲಸವಿಲ್ಲ, ಸ್ವರವೆಲ್ಲಾ ತುಟಿ ಮತ್ತು ಉಸಿರಿನದೇ. ಸ್ವಲ್ಪ ಊದಿ, ಅಷ್ಟೇ ಹೊತ್ತು ತುಟಿಗೆ ವಿರಾಮ ಕೊಡಬೇಕು. ಊಟವಾದ ಕೂಡಲೆ ಬೇಡ. ಒಂದೇ ಬ್ಯೂಗಲ್ಲು ನಾಲ್ಕು ಮಕ್ಕಳ ಬಾಯಿಗೆ ಹೋಗುತ್ತೆ. ಊದುವ ತುದಿಯನ್ನು ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒರೆಸಿಯೇ ಬಾಯಿಗಿಡೋಕೆ ಹೇಳಿಕೊಡಿ.