ಕ್ಯಾಂಪ್ಡನ್ನಿನ ಬೆಳ್ಳಿಗೆಲಸದ ಮನೆತನ

1902ರಲ್ಲಿ ಲಂಡನ್ನಿನ ಪೂರ್ವಭಾಗದ ಸುಮಾರು 50 ಮಂದಿ ಕುಶಲಕರ್ಮಿಗಳು ಮಡದಿ ಮಕ್ಕಳೊಡನೆ ಮಹಾನಗರವನ್ನು ತೊರೆದು ಗ್ಲಾಸ್ಟರ್‌ಷೈರಿನ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಊರಿಗೆ ಬಂದರು. ಉಣ್ಣೆಯ ವ್ಯಾಪಾರದಿಂದ ಒಂದು ಕಾಲಕ್ಕೆ ಮೆರೆದಿದ್ದ ಆ ಊರಿನ ವೈಭವ ಆಗ ಇಳಿದಿತ್ತು. ಕೆಲಸ ನಿಂತುಹೋಗಿದ್ದ ರೇಷ್ಮೆ ಗಿರಣಿಯೊಂದು ಅವರ ಕಾರ್ಯಾಗಾರವಾಯಿತು. ಅವರನ್ನು ಕರೆತಂದವರು ಸಿ. ಆರ್. ಆಶ್‌ಬಿ ಎಂಬ ವಾಸ್ತುಶಿಲ್ಪಿ. ಯಂತ್ರಕ್ಕೆ ದಾಸನಾದ ಕೆಲಸಗಾರನಿಗೆ ಕೈಗೆಲಸದ ಆನಂದವನ್ನು ಮರಳಿ ದೊರಕಿಸಬೇಕೆಂದು ಅವರು 1888ರಲ್ಲೇ ಕರಕುಶಲ ಸಂಘವೊಂದನ್ನು ಸ್ಥಾಪಿಸಿದ್ದರು. ಜಾರ್ಜ್ ಹಾರ್ಟ್ ಎಂಬ ತರುಣ ಕ್ಯಾಂಪ್ಡನ್ನಿನಲ್ಲಿ ಈ ಸಂಘವನ್ನು ಸೇರಿ ಬೆಳ್ಳಿಗೆಲಸಕ್ಕೆ ನಿಂತರು.

ಬೆಳ್ಳಿಯ ಬಟ್ಟಲು ಸುಲಭವಾಗಿ ಹುಟ್ಟುವುದಿಲ್ಲ. ದುಂಡಗೆ ಕತ್ತರಿಸಿದ ತಗಡನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತುಸುತ್ತಾಗಿ ಬಡಿಯುತ್ತ ಹೋದಂತೆ ಅಂಚು ಮೆಲ್ಲಮೆಲ್ಲನೆ ಮೇಲೇಳುತ್ತದೆ. ಪೆಟ್ಟು ಬಿದ್ದಷ್ಟೂ ಬೆಳ್ಳಿ ಗಡುಸಾಗುತ್ತದೆ. ಆಗ ಅದನ್ನು ಮಂದಗೆಂಪಾಗುವವರೆಗೆ ಕಾಯಿಸಿ ಮೆದುಮಾಡಬೇಕು. ಅವಸರಪಟ್ಟರೆ ತಗಡು ಬಿರಿಯುತ್ತದೆ. ಕೊನೆಗೆ ನಯವಾದ ಸುತ್ತಿಗೆಯಿಂದ ಮೈಯನ್ನು ಸಮಮಾಡಿ, ಅದರ ಸಣ್ಣ ಗುರುತುಗಳನ್ನು ಉಜ್ಜಿ ಅಳಿಸದೆ ಹಾಗೆಯೇ ಉಳಿಸುವುದು ಸಂಘದ ಪದ್ಧತಿಯಾಗಿತ್ತು. ಮನುಷ್ಯನ ಕೈ ಇಲ್ಲಿ ದುಡಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಲಂಡನ್ನಿನಲ್ಲಿ ಯಂತ್ರದಿಂದ ಮಾಡಿದ ಪಾತ್ರೆಗಳ ಮೇಲೂ ಅಂಥವೇ ಗುರುತುಗಳನ್ನು ಮೂಡಿಸಿ ಅಗ್ಗವಾಗಿ ಮಾರತೊಡಗಿದರು. ಸಾಕ್ಷಿಯನ್ನೇ ನಕಲುಮಾಡಿದ ಮೇಲೆ ಕೊಳ್ಳುವವನಿಗೆ ನಿಜ ತಿಳಿಯುವುದೆಂತು?

ಪೇಟೆ ದೂರ, ಗಿರಾಕಿ ವಿರಳ. ಲಂಡನ್ನಿನಲ್ಲಾದರೆ ಕೆಲಸವಿಲ್ಲದ ದಿನಗಳಲ್ಲಿ ಬೇರೊಂದು ಅಂಗಡಿಯಲ್ಲಿ ದುಡಿಯಬಹುದಿತ್ತು. ಇಲ್ಲಿ ಆ ಆಸರೆಯೂ ಇರಲಿಲ್ಲ. 1908ರ ವೇಳೆಗೆ ಸಂಘ ಮುಚ್ಚಿತು. ಅದರ ಮುದ್ರಣಾಲಯ ನೆರೆಯ ಬ್ರಾಡ್ ಕ್ಯಾಂಪ್ಡನ್ನಿನಲ್ಲಿದ್ದ ಆನಂದ ಕುಮಾರಸ್ವಾಮಿಯವರ ವಶಕ್ಕೆ ಬಂತು. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ತಮ್ಮ ಉದ್ಗ್ರಂಥದ 425 ಪ್ರತಿಗಳನ್ನು ಅವರು ಅದರಲ್ಲೇ ಅಚ್ಚುಮಾಡಿಸಿದರು. ಸಿಂಹಳದ ಶಿಲ್ಪಿಯ ಕಥೆ ಇಂಗ್ಲೆಂಡಿನ ಹಳ್ಳಿಯಲ್ಲಿ ಮುದ್ರಣಗೊಂಡದ್ದು ಸೋಜಿಗವೇ ಸರಿ.

ಅನೇಕರು ಊರು ಬಿಟ್ಟರು. ಹಾರ್ಟ್ ಬಿಡಲಿಲ್ಲ. ಚರ್ಚುಗಳಿಗೆ ಪೂಜಾಪಾತ್ರೆ, ಮನೆಗಳಿಗೆ ಚಮಚ ಬಟ್ಟಲು ಮಾಡುತ್ತ ಅದೇ ಗಿರಣಿಯಲ್ಲಿ ಉಳಿದರು. 1973ರಲ್ಲಿ ಅವರು ತೀರಿಕೊಂಡ ಮೇಲೂ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಕಸುಬು ಮಕ್ಕಳಿಂದ ಮೊಮ್ಮಕ್ಕಳಿಗೆ ಇಳಿದು ನಾಲ್ಕನೆಯ ತಲೆಮಾರನ್ನು ಮುಟ್ಟಿತು. ಆ ಕಾರ್ಯಾಗಾರದ ಮಾಡಿನಿಂದ ಹಳೆಯ ಲೆಕ್ಕದ ಚೀಟಿಗಳ ಕಂತೆಗಳು ಗೊಂಚಲು ಗೊಂಚಲಾಗಿ ತೂಗಾಡುತ್ತವೆ. ಧೂಳು ಹಿಡಿದು ಕಂದಿದ ಆ ಕಾಗದಗಳನ್ನು ಯಾರೂ ಕಿತ್ತೊಗೆದಿಲ್ಲ. ಕೆಳಗೆ ಹೊಸ ತಗಡು ಅಡಿಗಲ್ಲನ್ನೇರುತ್ತದೆ.