ಹಂಡೆದ ಒಲಿಗೆ ಹಾಕಿದ ಕಾಗದ

ಹ್ವಾದ ಸಲ ಗುರೆಳ್ಳ ಹಿಂಡಿ ಬಗ್ಗೆ ಬರದಿದ್ದೆ. ಈ ಸಲ ಅಡಿಗಿ ಮಾತು ಬ್ಯಾಡ. ಗೋಕಾಕ ಸಂತ್ಯಾಗ ಸಿಕ್ಕಾವ್ರು, ಲಗ್ನದಾಗ ಸಿಕ್ಕಾವ್ರು, ಬಾಜು ಮನಿಯವ್ರು, ಎಲ್ಲಾರೂ ಒಂದ ಪ್ರಶ್ನೆ ಕೇಳಾಕತ್ತೀರಿ: "ನಿನ್ನ ಮಗಳು ಅದೇನೋ ಕಲಿಯಾಕ ಹೊಂಟಾಳಂತಲ್ಲಾ, ಏನದು?" ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೇತಿ. ಅದಕ್ಕ ಒಮ್ಮೆ ಎಲ್ಲಾರಿಗೂ ಕೂಡೇ ಬರದ ಬಿಡತೇನಿ.

ಮಗಳು ಧಾರವಾಡದಾಗ ಕರ್ನಾಟಕ ವಿಶ್ವವಿದ್ಯಾಲಯದಾಗ ಇತಿಹಾಸ ತೊಗೊಂಡು ಎಂ.ಎ. ಮುಗಸ್ಯಾಳ. ಮುಂದ ಯಹೂದಿಗಳ ಇತಿಹಾಸ, ಧರ್ಮ, ಸಾಹಿತ್ಯ, ಅವರ ರೀತಿ ರಿವಾಜು ಕಲೀತೇನಿ ಅಂತ ಪಟ್ಟ ಹಿಡದ್ಲು. ಜರ್ಮನಿಯೊಳಗ ಹೈಡೆಲ್‌ಬರ್ಗ್ ಅಂತ ಊರೈತಿ. ಅಲ್ಲಿ 1979ರಾಗ ಸುರು ಆದ ಯಹೂದಿ ಅಧ್ಯಯನದ ಸಂಸ್ಥೆ ಐತಿ. ಯಾವ ಧರ್ಮದವರರ ಇರ್ಲಿ, ಅಲ್ಲಿ ಕಲೀಬಹುದು. ಅಲ್ಲಿ ಸೀಟು ಸಿಕ್ತು. ನನ್ನ ಎದಿ ಧಸಕ್ ಅಂತು.

ಹುಕ್ಕೇರಿಯ ನಮ್ಮ ನಾದಿನಿ ಫೋನ್ ಮಾಡಿ, "ವೈನಿ, ಆಕಿ ಧರ್ಮ ಬದಲಿ ಮಾಡ್ಕೋತಾಳೇನ್ರಿ? ಅಲ್ಲಿ ಯುದ್ಧ ಬ್ಯಾರೆ ನಡದೈತಿ ಅಂತಾರ" ಅಂದ್ರು. "ಇಸ್ರೇಲಿಗಲ್ರಿ, ಜರ್ಮನಿಗೆ. ಧರ್ಮ ಬದಲಿ ಮಾಡಾಕಲ್ಲ, ಓದಾಕ" ಅಂತ ತಿಳಿಸಿ ಹೇಳಿದೆ. ಮೂಡಲಗಿಯ ನನ್ನ ತಮ್ಮ, "ಅಕ್ಕಾ, ಅದನ್ನ ಕಲತ್ರ ನೌಕರಿ ಎಲ್ಲಿ ಸಿಗತೈತಿ? ಬಿ.ಎಡ್. ಮಾಡಸು, ವರಾ ಬಂದಾವು, ಲಗ್ನ ಮಾಡು" ಅಂದ. ಖರೇ ಹೇಳಬೇಕಂದ್ರ ನನ್ನ ಮನಸಿನ್ಯಾಗೂ ಅದ ಇತ್ತು. ನಮಗೂ ಯಹೂದ್ಯರಿಗೂ ಏನ ಸಂಬಂಧ?

ಒಂದಿನ ಮಧ್ಯಾಹ್ನ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಇದನ್ನ ಕೇಳೇಬಿಟ್ಟೆ. ಆಕಿ ಒಲಿ ಮುಂದ ಕುಂತು ಒಂದು ಕಥಿ ಹೇಳಿದ್ಲು. ಕಟ್ಟಿದ ಕಥಿ ಅಲ್ಲ, ನಡದದ್ದು.

ಸುಮಾರ 900 ವರ್ಷದ ಹಿಂದ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಾಗ ಮನಿ ಮಾಡಿದ್ದ. ಅವನ ಮೂಲ ಊರು ಈಗಿನ ಟ್ಯುನೀಸಿಯಾ ದೇಶದ ಮಹದಿಯಾ. ಮಂಗಳೂರಾಗ ಹತ್ರ ಹತ್ರ 17 ವರ್ಷ ಇದ್ದ. ನಮ್ಮ ಬಸವಣ್ಣನವರು ಇದ್ದದ್ದೂ ಅದ ಶತಮಾನದಾಗ. ಇಲ್ಲಿಂದ ಮೆಣಸು, ಅಡಕಿ, ಯಾಲಕ್ಕಿ, ಕಬ್ಬಣ ಹಡಗಿನ್ಯಾಗ ಹಾಕಿ ಅರಬ ದೇಶದ ಏಡನ್ ಬಂದರಕ್ಕ ಕಳಸತಿದ್ದ. ಅಲ್ಲಿಂದ ಒಡದ ಕಂಚು ತಾಮ್ರದ ಭಾಂಡೆ ಬರತಿದ್ವು. ಅವನ ಕಾರಖಾನ್ಯಾಗ ಅವನ್ನ ಕರಗಿಸಿ ಹೊಸಾವು ಮಾಡಿ ಹೊಳ್ಳಿ ಕಳಸತಿದ್ರು. ನಾವು ಹಳೆ ತಾಮ್ರದ ಕೊಡ ಕೊಟ್ಟು ಹೊಸಾದು ತೊಗೋತೀವಲ್ಲ, ಹಂಗ. ಏಡನ್ನಿನ ಗೆಳ್ಯಾರು ಅವಗ ಸಕ್ಕರಿ, ಒಣದ್ರಾಕ್ಷಿ, ಬದಾಮಿ ಕಳಸತಿದ್ರು. ಅದರ ಕೂಡ ಬರಿಯಾಕ ಕಾಗದಾನೂ ಕಳಸತಿದ್ರು, ಯಾಕಂದ್ರ ಆಗ ನಮ್ಮ ಕಡೆ ಬರಿಯೂದೆಲ್ಲ ತಾಡೋಲಿ ಮ್ಯಾಲ. ಕಾಗದ ಸಿಗೂದು ಅಪರೂಪ ಅಂತ ಅವಾ ಬಂದ ಪತ್ರದ ಹಿಂದಿನ ಮಗ್ಗಲಿಗೂ ಲೆಕ್ಕ ಬರಕೋತಿದ್ದ.

ಅವನ ಕಡೆ ಆಶು ಅಂತ ಒಬ್ಬಾಕಿ ಇದ್ಲು, ಈ ಕಡೆಯ ಹೆಣ್ಣಮಗಳು, ಕೊಂಡ ಆಳು. 1132ರ ಅಕ್ಟೋಬರ್ 17ಕ್ಕ ಆಕಿನ್ನ ಬಿಡುಗಡೆ ಮಾಡಿ ಕಾಗದ ಬರಕೊಟ್ಟ. ಬೆರಾಖಾ ಅಂತ ಹೊಸ ಹೆಸರಿಟ್ಟ. ಹೀಬ್ರೂದಾಗ ಹಂಗಂದ್ರ ಆಶೀರ್ವಾದ. ಆಕಿನ್ನ ಲಗ್ನ ಆದಾ ಅಂತ ಓದಿದವರು ಹೇಳತಾರ. ಅವನ ಮಗಳ ಹೆಸರು ಸಿತ್ ಅಲ್‌ದಾರ್. ಅರಬಿಯೊಳಗ ಹಂಗಂದ್ರ ಮನಿಯೊಡತಿ. ಇದನ್ನ ಕೇಳಿ ನನಗ ನಗು ಬಂತು. ನಮ್ಮ ರೇಶನ್ ಕಾರ್ಡಿನ್ಯಾಗ ಬರಿಯೂ ಗೃಹಿಣಿ ಅನ್ನೂ ಮಾತು ಅಲ್ಲಿ ಹುಡಿಗಿಗೆ ಇಟ್ಟ ಹೆಸರು!

ಇನ್ನೊಬ್ಬ ಬೊಮ್ಮ. ಅವನೂ ಆಳ. ಯಜಮಾನನ ಪರವಾಗಿ ಹಡಗ ಹತ್ತಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡತಿದ್ದ. ಅಲ್ಲಿಯ ದೊಡ್ಡ ಸಾವಕಾರ್ರು ಪತ್ರದಾಗ ಇವಗೂ ನಮಸ್ಕಾರ ಹೇಳತಿದ್ರು. ಬರಹಗಾರ ಅಮಿತಾವ್ ಘೋಷ್ ಈ ಆಳಿನ ಬೆನ್ನ ಹತ್ತಿ ಈಜಿಪ್ತಕ್ಕ ಹ್ವಾದ್ರು, ಮಂಗಳೂರಿಗೆ ಬಂದ್ರು. ಪತ್ರ ಇದ್ದದ್ದು ಹೀಬ್ರೂ ಲಿಪಿಯೊಳಗ, ಭಾಷಾ ಅರಬಿ. ಆ ಲಿಪಿಯೊಳಗ ಸ್ವರ ಎಲ್ಲಾ ಬರಿಯೂದಿಲ್ಲ, ಹಿಂಗಾಗಿ ಹೆಸರು ಹೆಂಗ ಓದಬೇಕು ಅಂತ ತಿಳಿಯೂದಿಲ್ಲ. ನಮ್ಮ ಬಿ. ಎ. ವಿವೇಕ ರೈ ಅವರ ಜೋಡಿ ಕುಂತು ಮಾತಾಡಿದ ಮ್ಯಾಲ ಅದು "ಬೊಮ್ಮ" ಅಂತ ಗೊತ್ತಾತು. ಅವರ ಪುಸ್ತಕ 1992ರಾಗ ಬಂತು.

ಮಗಳು ಕೇಳಿದ್ಲು: "ಅವ್ವಾ, ರಾಜಾ ಮಹಾರಾಜರ ಹೆಸರು ಕಲ್ಲಿನ ಮ್ಯಾಲ ಕೊರದಾರ. ಒಬ್ಬ ಆಳಿನ ಹೆಸರು, ಒಬ್ಬ ತೊತ್ತಿನ ಹೆಸರು 900 ವರ್ಷ ಹೆಂಗ ಉಳೀತು ಹೇಳು?"

ನನಗೇನ ಗೊತ್ತು. ಆಕೀನ ಹೇಳಿದ್ಲು. ಯಹೂದ್ಯರೊಳಗ ಒಂದು ಪದ್ಧತಿ ಐತಿ. ದೇವರ ಹೆಸರು ಬರದ ಕಾಗದ ಒಗೀಬಾರದು, ಸುಡಬಾರದು. ಹರದ್ರೂ, ಹಳೇದಾದ್ರೂ ಒಂದು ಖೋಲ್ಯಾಗ ಹಾಕಿ ಇಡತಾರ, ಆಮ್ಯಾಲ ಮಣ್ಣು ಮಾಡತಾರ. ಆ ಖೋಲಿಗೆ ಗೆನಿಜಾ ಅಂತಾರ. ಆಗಿನವರು ಯಾವ ಪತ್ರ ಬರದ್ರೂ ಮ್ಯಾಲ ದೇವರ ಹೆಸರು ಬರದ ಸುರು ಮಾಡತಿದ್ರು. ಹಿಂಗಾಗಿ ಪುರಾಣ ಪುಸ್ತಕದ ಜೋಡಿ ಸಂತಿ ಲೆಕ್ಕ, ಸಾಲದ ಚೀಟಿ, ಲಗ್ನದ ಕರಾರು, ಹೆಣ್ಣಮಕ್ಕಳು ಬರಸಿದ ಪತ್ರ ಎಲ್ಲಾ ಆ ಖೋಲಿ ಸೇರಿದ್ವು. ಈಜಿಪ್ತದ ಕೈರೋ ಹತ್ತಿರ ಫುಸ್ತಾತ್‌ದಾಗ ಬೆನ್ ಎಜ್ರಾ ಅಂತ ಅವರ ಪ್ರಾರ್ಥನಾ ಮಂದಿರ ಐತಿ. ಅಲ್ಲಿಯ ಖೋಲ್ಯಾಗ ಇವು ನೂರಾರು ವರ್ಷ ಬಿದ್ದಿದ್ವು.

ಅದು ಹೊರಗ ಬಂದದ್ದೂ ಹೆಣ್ಣಮಕ್ಕಳ ದೆಸೆಯಿಂದ. ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಅಂತ ಜವಳಿ ಅಕ್ಕ ತಂಗ್ಯಾರು, ಸ್ಕಾಟ್ಲೆಂಡದವ್ರು. ಇಬ್ಬರೂ ಗಂಡನ್ನ ಕಳಕೊಂಡಿದ್ರು. ವಿಶ್ವವಿದ್ಯಾಲಯದ ಪದವಿ ಇದ್ದಿಲ್ಲ. ಕೇಂಬ್ರಿಜ್ ಊರಾಗ ಮನಿ ಮಾಡಿದ್ರೂ ಆ ವಿಶ್ವವಿದ್ಯಾಲಯ ಹೆಣ್ಣಮಕ್ಕಳಿಗೆ ಪೂರಾ ಪದವಿ ಕೊಡಾಕ ಸುರು ಮಾಡಿದ್ದ 1948ರಾಗ. ಇವರು ಮನ್ಯಾಗ ಕುಂತ ಹಳೆ ಭಾಷಾ ಕಲತ್ರು. 1896ರಾಗ ಕೊಂಡ ತಂದ ಹಳೆ ಹಾಳಿ ಸೋಲೊಮನ್ ಶೆಕ್ಟರ್ ಅನ್ನೂ ಪಂಡಿತಗ ತೋರಿಸಿದ್ರು. ಅದನ್ನ ನೋಡಿ ಅವಾ ಕೈರೋಕ್ಕ ಓಡಿದ. ಒಂದು ಲಕ್ಷ 90 ಸಾವಿರಕ್ಕೂ ಹೆಚ್ಚು ಕಾಗದದ ತುಣುಕು ಕೇಂಬ್ರಿಜ್‌ಕ್ಕ ತಂದ. ಆಗ ಆ ಅಕ್ಕ ತಂಗ್ಯಾರ ವಯಸ್ಸು 53. ನನ್ನ ವಾರಿಗಿಯವ್ರು!

ಇಷ್ಟು ಹೇಳಿ ಮಗಳು ಸಹಜ ಕೇಳಿದ್ಲು: "ಅವ್ವಾ, ಮೂಡಲಗಿ ಆಯಿ ನಿನಗ ಪತ್ರ ಬರೀತಿದ್ಲು ಅಂತಿದ್ದೆಲ್ಲಾ. ಎಲ್ಲಿ ಇಟ್ಟೀ?"

ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತು.

ನಮ್ಮವ್ವ ನಾಕನೇತ್ತೆ ತನಕ ಕಲತಾಕಿ. ನಾ ಪಿಯುಸಿ ಮುಗಸಿ ಮುಂದ ಕಲೀತೇನಿ ಅಂದಾಗ ಮನ್ಯಾಗ ಒಪ್ಪಲಿಲ್ಲ, ಲಗ್ನ ಮಾಡಿ ಗೋಕಾಕಕ್ಕ ಕೊಟ್ರು. ಆಗ ನನ್ನ ಪರವಾಗಿ ಮಾತಾಡಿದಾಕಿ ಅವ್ವ ಒಬ್ಬಾಕಿನ. ಲಗ್ನ ಆದ ಮ್ಯಾಲ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ಬರೀತಿದ್ಲು. ಮ್ಯಾಲ ನಡುವ "ಶ್ರೀ" ಅಂತ ಬರದು, ಕೆಳಗ ಎಮ್ಮಿ ಈದದ್ದು, ಮಳಿ ಆದದ್ದು, ತಮ್ಮನ ಜ್ವರ, ನೀ ಹೊತ್ತಿಗೆ ಸರಿಯಾಗಿ ಉಣ್ಣು ಅನ್ನೂದು. ಒತ್ತಕ್ಷರ ತಪ್ಪತಿದ್ವು. ನಾ ಅವನ್ನೆಲ್ಲ ಒಂದು ಕರದಂಟಿನ ಡಬ್ಬ್ಯಾಗ ಇಟ್ಟಿದ್ದೆ. ಮನಿ ಮಾಳಿಗಿ ತಗದು ಸ್ಲ್ಯಾಬ್ ಹಾಕಿಸೂ ಮುಂದ ಅಟ್ಟದ ಸಾಮಾನೆಲ್ಲ ಕೆಳಗ ಬಂತು. ಡಬ್ಬಿಗೆ ಜಂಗ ಹತ್ತಿತ್ತು, ಕಾಗದ ಹುಳಾ ತಿಂದಿದ್ವು. ಅವ್ವ ಆಗಿನ್ನೂ ಬದುಕಿದ್ಲು, ಫೋನ್ ಬಂದಿತ್ತು, ದಿನಾ ಮಾತಾಡತಿದ್ವಿ. ಇವ್ಯಾಕ ಬೇಕು ಅಂತ ಬಚ್ಚಲದಾಗ ಹಂಡೆದ ಒಲಿಗೆ ಹಾಕಿದೆ. ಆ ದಿನ ನೀರ ಲಗೂನ ಕಾದ್ವು.

ಅದ ಮನ್ಯಾಗ, ಅದ ದಿನ, ಮಾವಾರ ಹೊಲದ ಹಳೆ ಕಾಗದಾನೂ ಅಟ್ಟದಿಂದ ಇಳದಿದ್ವು. ಮೋಡಿ ಲಿಪಿಯೊಳಗ ಬರದದ್ದು, ಮನ್ಯಾಗ ಒಬ್ಬರಿಗೂ ಓದಾಕ ಬರೂದಿಲ್ಲ. ಆದ್ರೂ ಅವನ್ನ ಹೊಸ ಅರಿವ್ಯಾಗ ಸುತ್ತಿ ತಿಜೋರ್‍ಯಾಗ ಇಟ್ವಿ. ಓದಾಕ ಬರಲಾರದ್ದು ಉಳೀತು, ಓದಾಕ ಬರೂದು ಸುಟ್ಟು ಹೋತು. ಹೊಲದ ಕಾಗದಕ್ಕ ಕಿಮ್ಮತ್ತೈತಿ, ಅವ್ವನ ಕಾಗದಕ್ಕಿಲ್ಲ ಅಂತ ನನಗ ಯಾರೂ ಹೇಳಿದ್ದಿಲ್ಲ. ನಾನ ಹಂಗ ತಿಳಕೊಂಡಿದ್ದೆ.

ಆ ಯಹೂದ್ಯರ ರಿವಾಜಿನ ಪ್ರಕಾರ ಆಗಿದ್ರ ಅವ್ವನ ಕಾಗದ ಇವತ್ತಿಗೂ ಇರತಿದ್ವು. ಮ್ಯಾಲ "ಶ್ರೀ" ಇತ್ತಲ್ಲ! ಪುಸ್ತಕಕ್ಕ ಕಾಲು ತಾಗಿದ್ರ ಕಣ್ಣಿಗೆ ಒತ್ತಿಕೊಳ್ಳೂ ಮಂದಿ ನಾವು. ದೇವರ ಫೋಟೋ ಒಡದ್ರ ಘಟಪ್ರಭಾ ಹೊಳಿಗೆ ಬಿಡತೀವಿ. ಕಾಗದದ ಮ್ಯಾಲಿನ "ಶ್ರೀ" ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ವಚನಗಳೂ ಮನಿಮನಿಯ ಜಗಲಿ ಮ್ಯಾಲ ಅರಿವ್ಯಾಗ ಸುತ್ತಿ ಇದ್ವು. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ತಾಡೋಲಿ ಕೂಡಿಸಿ ಓದಿ, 1923ರಾಗ "ವಚನ ಶಾಸ್ತ್ರ ಸಾರ" ಅಚ್ಚು ಹಾಕಿಸಿದ್ದಕ್ಕ ನಾವಿವತ್ತು ವಚನ ಹಾಡತೀವಿ. ಇಟ್ಟಾವ್ರೂ ಬೇಕು, ಓದಾವ್ರೂ ಬೇಕು. ಗೆನಿಜಾದ ಕಾಗದ ಓದಾಕ ಗೊಯ್ಟೈನ್ ಅನ್ನೂ ಪಂಡಿತರು ಹತ್ತಾರು ವರ್ಷ ಕಳದ್ರು. ಮಗಳು ಕಲಿಯಾಕ ಹೊಂಟದ್ದು ಇದನ್ನ. ಹೀಬ್ರೂ, ಅವರ ಧರ್ಮಗ್ರಂಥ, ಇತಿಹಾಸ, ಸಾಹಿತ್ಯ. ಆ ಸಾಹಿತ್ಯದಾಗ ಗ್ಲಿಕಲ್ ಅನ್ನಾಕಿನೂ ಬರತಾಳ. ಜರ್ಮನಿಯ ಹ್ಯಾಂಬರ್ಗ್ ಊರಾಕಿ. ಗಂಡ ಸತ್ತ ಮ್ಯಾಲ ರಾತ್ರಿ ನಿದ್ದಿ ಬರಲಾರದ್ದಕ್ಕ 1691ರಾಗ ಮಕ್ಕಳ ಸಲುವಾಗಿ ತನ್ನ ಬಾಳೇದ ಕಥಿ ಬರಿಯಾಕ ಕುಂತ್ಲು. ಅದೂ ಮನಿ ಮಾತಿನ್ಯಾಗ, ಯಿಡ್ಡಿಷ್‌ದಾಗ. ಇವತ್ತು ಅದನ್ನ ವಿಶ್ವವಿದ್ಯಾಲಯದಾಗ ಪಾಠ ಮಾಡತಾರ.

ಯಹೂದ್ಯರು ನಮಗ ದೂರನೂ ಅಲ್ಲ. ಘಟ್ಟ ಇಳದ್ರ ಕೊಂಕಣ. ಅಲ್ಲಿ ಅಲಿಬಾಗ್ ಸುತ್ತಮುತ್ತ ಬೆನೆ ಇಸ್ರೇಲ್ ಅನ್ನೂ ಯಹೂದ್ಯರು ಗಾಣ ಹಾಕಿಕೊಂಡು ಎಣ್ಣಿ ತಗೀತಿದ್ರು. ಶನಿವಾರ ಅವರಿಗೆ ದೇವರ ದಿನ, ಗಾಣ ಹೂಡತಿದ್ದಿಲ್ಲ. ಅದಕ್ಕ ಮಂದಿ ಅವರಿಗೆ "ಶನಿವಾರ ತೇಲಿ" ಅಂತಿದ್ರು, ಅಂದ್ರ ಶನಿವಾರದ ಗಾಣಿಗ್ರು. ಹರಕಿ ತೀರಿದ್ರ ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲಸಿ, ಹಣ್ಣು ಇಟ್ಟು ಮಲಿದಾ ಮಾಡತಾರ. ಕೇಳಿ ನನಗ ನಮ್ಮ ಮಾದಲಿ ನೆನಪಾತು.

ಒಂದ ಮಾತು ಮನಸಿನ್ಯಾಗ ಕುಂತಿತ್ತು. ಕೇಳಿದೆ: "ಅಲ್ಲಬೇ, 60 ಲಕ್ಷ ಯಹೂದ್ಯರನ್ನ ಕೊಂದದ್ದು ಜರ್ಮನಿಯವರಲ್ಲಾ? ಅಲ್ಲೇ ಕಲೀಬೇಕಾ?" ಆಕಿ ಸ್ವಲ್ಪ ಸುಮ್ನಿದ್ದು, "ಅದಕ್ಕ ಅಲ್ಲಿ ಕಲಸೂದು ಜರೂರ ಐತಿ ಅವ್ವಾ" ಅಂದ್ಲು. ಜಗಲಿಕಟ್ಟಿ ಮ್ಯಾಲ ಕುಂತ ನಮ್ಮನಿಯವ್ರು ಅಲ್ಲಿಂದಲೇ ಅಂದ್ರು: "ಕಿಟೆಲ್ ಸಾಹೇಬ್ರು ಜರ್ಮನಿಯಿಂದ ಇಲ್ಲಿಗೆ ಬಂದು ನಮ್ಮ ಕನ್ನಡಕ್ಕ ಶಬ್ದಕೋಶ ಮಾಡಿದ್ರು, 1894ರಾಗ ಅಚ್ಚಾತು. 'ಕನ್ನಡ ಕಲತ್ರ ನೌಕರಿ ಎಲ್ಲಿ ಸಿಗತೈತಿ' ಅಂತ ಅವರವ್ವ ಹಿಡಕೊಂಡು ಕುಂತಿದ್ರ?" ಇಷ್ಟು ಮಾತಾಡಾವ್ರ ಅಲ್ಲ ಅವರು. ನಾ ಬಾಯಿ ಮುಚ್ಚಿಕೊಂಡೆ.

ಆ ವಾರ ಮೂಡಲಗಿಗೆ ಹೋದೆ. ಅವ್ವನ ಟ್ರಂಕ್ ತಗಸಿದೆ. ನಾ ಅವ್ವಗ ಬರದ ಪತ್ರ ಇರಬಹುದು ಅಂತ ಆಸೆ. ಒಂದೂ ಸಿಗಲಿಲ್ಲ. ಒಂದು ಹಾಲಿನ ಲೆಕ್ಕದ ವಹಿ ಸಿಕ್ತು. ತಮ್ಮನ ಹೆಂಡತಿ, "ಅದನ್ನ ರದ್ದಿಗೆ ಹಾಕೂದಿತ್ರಿ ಅಕ್ಕಾರ" ಅಂದ್ಲು. ತೆರದು ನೋಡಿದೆ. ಮ್ಯಾಲ "ಶ್ರೀ". ಯಾರಿಗೆ ಎಷ್ಟು ಶೇರು ಹಾಲು, ಯಾರ ಬಾಕಿ ಎಷ್ಟು. ನಡುವ ಒಂದು ಸಾಲು: "ಗೋಕಾಕಕ್ಕ ಮಗಳಿಗೆ ಬಳಿ, 12 ರೂ." ಅದರ ಕೆಳಗ, "ಮನಿಯಾಗ ಹೇಳಿಲ್ಲ." ಒತ್ತಕ್ಷರ ಅಲ್ಲೂ ತಪ್ಪಿತ್ತು. ಟ್ರಂಕಿನ ಮುಂದ ಕುಂತು ಅತ್ತುಬಿಟ್ಟೆ. ಅಪ್ಪಗ ಗೊತ್ತಾಗಲಾರದಂಗ ಹಾಲಿನ ರೊಕ್ಕದಾಗ ಕೊಡಿಸಿದ ಬಳಿ ಅವು. ನಾ ಮರತೇ ಬಿಟ್ಟಿದ್ದೆ.

ಪತ್ರ ಹ್ವಾದ್ದು ಹೋತು, ಹೊಳ್ಳಿ ಬರೂದಿಲ್ಲ. ಆ ವಹಿ ಮಗಳು ಒಂದೊಂದು ಹಾಳಿ ಫೋಟೋ ತಗದಾಳ. ವಹಿ ಈಗ ತಿಜೋರ್‍ಯಾಗ ಹೊಲದ ಕಾಗದದ ಬಾಜೂಕ ಐತಿ.

ಅಕ್ಟೋಬರದಾಗ ಅಲ್ಲಿ ಕ್ಲಾಸು ಸುರು. ಹೋಗು ಅಂದೇನಿ. ಬಂದ ವರಕ್ಕ ಎರಡು ವರ್ಷ ತಡೀರಿ ಅಂತ ಹೇಳಿ ಕಳಿಸೇನಿ. ತಡದ್ರ ತಡೀಲಿ, ಇಲ್ಲಾಂದ್ರ ಇಲ್ಲ. ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಎರಡು ಡಬ್ಬಿ ಕರದಂಟು ಕಟ್ಟಾಕತ್ತೇನಿ. ತಿಂಗಳಿಗೊಂದರ ಪತ್ರ ಕೈಲೇ ಬರದು ಟಪಾಲಿಗೆ ಹಾಕು ಅಂತ ಕರಾರು ಮಾಡೇನಿ. ನಾನೂ ಬರೀತೇನಿ.

ನಿಮಗೂ ಒಂದು ಮಾತು. ದೀಪಾವಳಿಗೆ ಮನಿ ಝಾಡಿಸೂ ಮುಂದ ಅತ್ತಿದೋ, ಅವ್ವಂದೋ ಹಳೆ ವಹಿ, ಹರದ ಪತ್ರ, ಹಾಡು ಬರಕೊಂಡ ಪಟ್ಟಿ ಸಿಕ್ರ ಒಲಿಗೆ ಹಾಕಬ್ಯಾಡ್ರಿ. ಒಂದು ಅರಿವ್ಯಾಗ ಸುತ್ತಿ ಇಡ್ರಿ. ಓದಾವ್ರು ಬಂದಾಗ ಓದ್ಲಿ.