ಗಾಳಿಗೊಂದು ದಾರಿ

ಬೇಸಿಗೆಯ ಸೆಕೆಗೆ ನಮ್ಮ ಹಿರಿಯರಿಗೆ ಲಾವಂಚದ ಬೀಸಣಿಗೆ, ಹೆಂಚಿನ ಮಾಡು, ಅಂಗಳದ ಹೊಂಗೆಯ ನೆರಳು ಇವಿಷ್ಟೇ ಸಾಕಾಗುತ್ತಿದ್ದವು. ಕಾಂಕ್ರೀಟ್ ತಾರಸಿಯ ಕೆಳಗೆ ಬಾಳುವ ನಮಗೆ ಅವು ಸಾಲದಾಗಿವೆ. ಹೀಗಾಗಿ ಹವಾನಿಯಂತ್ರಕ, ಅಂದರೆ ಏ.ಸಿ., ನಮ್ಮ ಮನೆಗೂ ಬಂದಿತು. ಅದನ್ನು ಕೊಂಡವನು ನಾನು. ಬಳಸುವುದನ್ನು ಕಲಿಸಿದವರು 84 ವರ್ಷದ ನನ್ನ ತಂದೆಯವರು. ಆ ಅನುಭವವು ಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ತಂದೆಯವರು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗಿ, ಚಾಂಪಿಯನ್ ನಿಲ್ದಾಣದಲ್ಲಿಳಿದು, 30 ವರ್ಷ ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರು. ಗಣಿಯೊಳಗಿನ ಗಾಳಿಯ ವ್ಯವಸ್ಥೆಯನ್ನು ನೋಡಿಕೊಳ್ಳುವ ವಿಭಾಗ ಅವರದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ತಳದ ಬಂಡೆಯ ಶಾಖ 60 ಡಿಗ್ರಿಯನ್ನೂ ಮೀರುತ್ತಿತ್ತು. ಗಾಳಿಯನ್ನು ತಂಪುಗೊಳಿಸಲು ಅಲ್ಲಿ ದೊಡ್ಡ ಶೈತ್ಯಯಂತ್ರಗಳೇ ಇದ್ದವು. ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರರು ಒಂದು ಮುದ್ರಣಾಲಯಕ್ಕಾಗಿ ಆಧುನಿಕ ಹವಾನಿಯಂತ್ರಣ ಯಂತ್ರವನ್ನು ರೂಪಿಸಿದ್ದು 1902ರಲ್ಲಿ. ಶಿವನಸಮುದ್ರದ ವಿದ್ಯುತ್ತು ನಮ್ಮ ಗಣಿಗೆ ಹರಿದು ಬಂದದ್ದೂ ಅದೇ ವರ್ಷ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಕ್ಕೆ 3 ವರ್ಷ ಮೊದಲೇ ತಂದೆಯವರು ನಿವೃತ್ತರಾಗಿದ್ದರು. ಗಣಿ ಮುಚ್ಚಿದರೂ ಅದರ ಕಲ್ಲಿನ ದೂಳು ಅವರ ಎದೆಯಲ್ಲಿ ಉಳಿಯಿತು.

2024ರ ಬೇಸಿಗೆ ಬಲು ಕಠಿಣವಾಗಿತ್ತು. ರಾತ್ರಿಯೆಲ್ಲ ತಂದೆಯವರು ಹಾಸಿಗೆಯ ಮೇಲೆ ಎದ್ದು ಕುಳಿತು ಉಸಿರಿಗಾಗಿ ಒದ್ದಾಡುವರು. ಸೆಕೆಯಿಂದ ಅವರನ್ನು ಕಾಪಾಡಲೇಬೇಕೆಂದು ವೈದ್ಯರು ಹೇಳಿದರು. ನಮ್ಮದು ಬಾಡಿಗೆಯ ಮನೆ. ಗೋಡೆ ಕೊರೆಯಲು ಮಾಲೀಕರು ಒಪ್ಪಲಿಲ್ಲ. ಆದ್ದರಿಂದ ಚಕ್ರಗಳ ಮೇಲೆ ನಿಲ್ಲುವ, ಬಿಸಿಗಾಳಿಯನ್ನು ದಪ್ಪ ಕೊಳವೆಯ ಮೂಲಕ ಕಿಟಕಿಯಿಂದ ಹೊರಹಾಕುವ ಏ.ಸಿ.ಯನ್ನು ಕೊಳ್ಳಲು ನಿಶ್ಚಯಿಸಿದೆವು.

ಎಷ್ಟು ದೊಡ್ಡದು ಬೇಕು ಎಂಬುದೇ ಮೊದಲ ಪ್ರಶ್ನೆ. ಏ.ಸಿ.ಯ 'ಟನ್' ಎಂದರೆ ಅದರ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟು ಶಾಖವನ್ನು ಎತ್ತಬಲ್ಲ ಶಕ್ತಿ. ಗಂಟೆಗೆ 12,000 ಬಿ.ಟಿ.ಯು. ಎಂದು ಅದನ್ನು ಅಳೆಯುತ್ತಾರೆ. ತಂದೆಯವರ ಕೋಣೆ 10 ಅಡಿಗೆ 12 ಅಡಿ, ಅಂದರೆ 120 ಚದರ ಅಡಿ. ಇಂತಹ ಕೋಣೆಗೆ 1 ಟನ್ ಸಾಕೆಂಬುದು ರೂಢಿಯ ಲೆಕ್ಕ. ಬಿಸಿಲು ನೇರವಾಗಿ ಬೀಳುವ ಕೋಣೆಗೆ ನೂರಕ್ಕೆ ಹತ್ತರಷ್ಟು, ಇಬ್ಬರಿಗಿಂತ ಹೆಚ್ಚು ಜನ ಮಲಗುವುದಾದರೆ ಪ್ರತಿಯೊಬ್ಬರಿಗೂ 600 ಬಿ.ಟಿ.ಯು.ನಷ್ಟು ಸೇರಿಸಬೇಕು. ಹಾಗೆಂದು ಅತಿ ದೊಡ್ಡದನ್ನು ತರುವುದೂ ತಪ್ಪು. ಅದು ಬೇಗ ತಂಪು ಮಾಡಿ ಬೇಗ ನಿಂತುಬಿಡುತ್ತದೆ. ಗಾಳಿಯ ತೇವವನ್ನು ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದೂ ಮೈ ಅಂಟಂಟಾಗುತ್ತದೆ. ನಾವು 1 ಟನ್ನಿನದನ್ನೇ ತಂದೆವು.

ಯಂತ್ರ ಬಂದ ಮೂರು ದಿನ ಮನೆಯಲ್ಲಿ ಸಂಭ್ರಮ. ನಾಲ್ಕನೆಯ ದಿನದಿಂದ ನನಗೆ ಚಿಂತೆ. 18 ಡಿಗ್ರಿಗೆ ಇಟ್ಟರೂ ಕೋಣೆ 30ರಿಂದ ಕೆಳಗಿಳಿಯದು. ಅದರ ಮೇಲೆ, ಅಡಿಗೆಮನೆಯಲ್ಲಿ ಒಗ್ಗರಣೆ ಹಾಕಿದೊಡನೆ ತಂದೆಯವರಿಗೆ ಹಿಂದೆಂದೂ ಇಲ್ಲದಷ್ಟು ಕೆಮ್ಮು. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕೆಂದು ಹೇಳಿ ಹೋದರು. ಸಾಲಮಾಡಿ ತಂದ ಹಣವೆಲ್ಲ ವ್ಯರ್ಥವಾಯಿತೆಂದು ನಾನು ಹಲುಬಿದೆ.

ತಂದೆಯವರು ಮಾತ್ರ ಮಂಚದ ಮೇಲೆ ಕುಳಿತು ಆ ಕೊಳವೆಯನ್ನೇ ನೋಡುತ್ತಿದ್ದರು. "ನೋಡಪ್ಪ, ಈ ಯಂತ್ರ ಗಾಳಿಯನ್ನು ಹೊರಕ್ಕೆ ತಳ್ಳುತ್ತಿದೆ. ತಳ್ಳಿದಷ್ಟೂ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕಲ್ಲ. ಎಲ್ಲಿಂದ ಬರುತ್ತಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದೇವರಮನೆಯಿಂದ ಬತ್ತಿ ಹೊಸೆಯುವ ಹತ್ತಿಯ ಒಂದು ಎಳೆ ತರಿಸಿ, ಅಡಿಗೆಮನೆಯ ಕಡೆಯ ಬಾಗಿಲಿನ ಕೆಳಸಂದಿನಲ್ಲಿ ಹಿಡಿಯಹೇಳಿದರು. ಎಳೆ ಕೋಣೆಯ ಒಳಕ್ಕೆ ಬಾಗಿ ಪಟಪಟನೆ ಹಾರಿತು. ಒಲೆಯ ಶಾಖವನ್ನೂ ಒಗ್ಗರಣೆಯ ಘಾಟನ್ನೂ ನಾವೇ ಯಂತ್ರದಿಂದ ಎಳೆದು ತಂದೆಯವರ ಎದೆಗೆ ಸುರಿಯುತ್ತಿದ್ದೆವು!

"ಗಣಿಯಲ್ಲಿ ಗಾಳಿಗೆಂದೇ ಬಾಗಿಲುಗಳಿದ್ದವು. ಬೇಡದ ದಾರಿಯನ್ನು ಮುಚ್ಚಬೇಕು, ಬೇಕಾದ ದಾರಿಯನ್ನು ಬಿಡಬೇಕು. ಎಲ್ಲವನ್ನೂ ಮುಚ್ಚಿದರೂ ಕೆಲಸ ಕೆಡುತ್ತದೆ" ಎಂದರು. ಅಡಿಗೆಮನೆಯ ಕಡೆಯ ಸಂದಿಗೆ ಹಳೆಯ ಪಂಚೆಯನ್ನು ಸುತ್ತಿ ಒತ್ತಿದೆವು. ತಂಪಾಗಿರುವ ನಡುಮನೆಯ ಕಡೆಯ ಬಾಗಿಲಿನ ಸಂದನ್ನು ಹಾಗೆಯೇ ಬಿಟ್ಟೆವು.

ಎರಡನೆಯ ತಪ್ಪು ಕೊಳವೆಯದು. ಮಂಚದ ಪಕ್ಕದಲ್ಲೇ ಯಂತ್ರವಿರಲೆಂದು ನಾನು ಬೇರೆ ಕೊಳವೆಯನ್ನು ಜೋಡಿಸಿ, 10 ಅಡಿ ಉದ್ದ ಮಾಡಿ, ಸುತ್ತಿ ಬಳಸಿ ಓಣಿಯ ಕಿಟಕಿಗೆ ಒಯ್ದಿದ್ದೆ. ಮುಟ್ಟಿದರೆ ಒಲೆಯಂತೆ ಸುಡುತ್ತಿತ್ತು. ಹೊರಹೋಗಬೇಕಾದ ಶಾಖ ದಾರಿಯಲ್ಲೇ ಕೋಣೆಗೆ ಮರಳುತ್ತಿತ್ತು. ಕೊಳವೆ ಗಿಡ್ಡವಾಗಿ, ನೇರವಾಗಿ ಇರಬೇಕು. ಯಂತ್ರದೊಡನೆ ಬಂದದ್ದಕ್ಕಿಂತ ಉದ್ದ ಮಾಡಬಾರದು. ಕಿಟಕಿಯ ಉಳಿದ ತೆರಪನ್ನು ಹಲಗೆಯಿಂದ ಬಿಗಿಯಾಗಿ ಮುಚ್ಚಬೇಕು.

ಅದನ್ನು ಸರಿಪಡಿಸುವಾಗ ತಂದೆಯವರು ಇನ್ನೊಂದು ಪ್ರಶ್ನೆ ಕೇಳಿದರು: "ಆ ಬಿಸಿ ಎಲ್ಲಿಗೆ ಹೋಗುತ್ತದೆ?" ಓಣಿಯ ಆಚೆ ನಾಲ್ಕು ಅಡಿ ದೂರದಲ್ಲಿ ನೆರೆಮನೆಯ ಕಿಟಕಿ. ಅದರೊಳಗೆ ಬಾಣಂತಿ, ಆರು ವಾರದ ಕೂಸು. ಸೌಜನ್ಯದಿಂದ ಅವರು ಏನೂ ಹೇಳದೆ ಕಿಟಕಿ ಮುಚ್ಚಿಕೊಂಡಿದ್ದರು. ನನಗೆ ತಲೆಯೆತ್ತದಷ್ಟು ನಾಚಿಕೆಯಾಯಿತು. ಏ.ಸಿ. ಶಾಖವನ್ನು ಇಲ್ಲವಾಗಿಸುವುದಿಲ್ಲ, ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಹಾಕುತ್ತದೆ, ಅಷ್ಟೇ. ಅಂದೇ ಮಂಚವನ್ನು ಸರಿಸಿ, ಕೊಳವೆಯ ಬಾಯನ್ನು ಹಿತ್ತಿಲಿನ ಕಿಟಕಿಗೆ ತಿರುಗಿಸಿದೆವು. ರಾತ್ರಿ ಕೋಣೆ 26ಕ್ಕೆ ಇಳಿಯಿತು. ತಂದೆಯವರು ಆರು ಗಂಟೆ ನಿದ್ರಿಸಿದರು.

ಇಷ್ಟಾದರೂ ನಾನು ಇನ್ನೊಂದು ಪಾಠವನ್ನು ಕಷ್ಟದಿಂದ ಕಲಿಯಬೇಕಾಯಿತು. ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ಬಂದು ಗಾಳಿಯಲ್ಲಿ ತೇವ ತುಂಬಿತ್ತು. ಯಂತ್ರವು ಗಾಳಿಯಿಂದ ಹಿಂಡಿದ ನೀರು ಅದರ ಅಡಿಯ ತೊಟ್ಟಿಯಲ್ಲಿ ತುಂಬಿ, ನಡುರಾತ್ರಿ ತಾನಾಗಿ ನಿಂತುಬಿಟ್ಟಿತು. ಅದು ಕೂಗಿದ ಸದ್ದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಲಿಲ್ಲ. ಬೆಳಗ್ಗೆ ನೋಡಿದರೆ ತಂದೆಯವರು ಬೆವತು ತೊಯ್ದು, ಗೋಡೆಗೊರಗಿ ಕುಳಿತಿದ್ದರು. ಎಬ್ಬಿಸಬಾರದಿತ್ತೇ ಎಂದರೆ, "ನೀನು ದಣಿದಿದ್ದೆ" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಮಲಗುವ ಮುನ್ನ ತೊಟ್ಟಿಯನ್ನು ಬರಿದುಮಾಡುತ್ತೇನೆ; ಮಳೆಗಾಲದಲ್ಲಿ ಸಣ್ಣ ನಳಿಗೆಯಿಂದ ನೀರು ಬಕೆಟ್ಟಿಗೆ ಇಳಿಯುವಂತೆ ಮಾಡುತ್ತೇನೆ. ಅವರ ಕೈಗೆಟುಕುವಂತೆ ಒಂದು ಗಂಟೆಯನ್ನೂ ಇಟ್ಟಿದ್ದೇನೆ.

ಉಳಿದ ಪಾಲನೆ ಸುಲಭ. ಹದಿನೈದು ದಿನಕ್ಕೊಮ್ಮೆ ಗಾಳಿಯ ಜಾಲರಿಯನ್ನು ತೆಗೆದು ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಬೇಕು. ದೂಳು ಕಟ್ಟಿದರೆ ಒಳಗಿನ ಸುರುಳಿಯ ಮೇಲೆ ಹಿಮ ಕಟ್ಟಿ ತಂಪು ನಿಲ್ಲುತ್ತದೆ. ಆಗ ಬರಿಯ ಫ್ಯಾನನ್ನು ಓಡಿಸಿ ಹಿಮ ಕರಗಲು ಬಿಡಬೇಕು. ಕರೆಂಟು ಹೋಗಿ ಬಂದಾಗ 3 ನಿಮಿಷ ಕಾಯದೆ ಮತ್ತೆ ಹಾಕಬಾರದು. ಯಂತ್ರವನ್ನು ಮಲಗಿಸಿ ಸಾಗಿಸಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಚಾಲೂ ಮಾಡಬೇಕು. 16 ಆಂಪಿಯರಿನ ಗೋಡೆಯ ಪ್ಲಗ್ಗನ್ನೇ ಬಳಸಬೇಕು. ಎಕ್ಸ್‌ಟೆನ್ಷನ್ ವೈರು ಬಿಸಿಯಾಗಿ ಬೆಂಕಿಗೆ ಕಾರಣವಾದೀತು. 18ಕ್ಕೆ ಇಟ್ಟರೆ ಬೇಗ ತಂಪಾಗುವುದೆಂಬುದು ಭ್ರಮೆ. ಬಿಲ್ಲು ಮಾತ್ರ ಏರುತ್ತದೆ. ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಕೋಣೆಯ ಏ.ಸಿ.ಗಳನ್ನು 2020ರಿಂದ 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂಬ ನಿಯಮ ಬಂದದ್ದು ಇದಕ್ಕಾಗಿಯೇ. 26ರಲ್ಲಿಟ್ಟು ಫ್ಯಾನನ್ನೂ ನಿಧಾನವಾಗಿ ಓಡಿಸಿದರೆ ವೃದ್ಧರಿಗೆ ಹಿತ.

ತಂಪಾಗದಿದ್ದರೆ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಜಾಲರಿ, ತೊಟ್ಟಿ, ಕೊಳವೆ, ಬಾಗಿಲಿನ ಸಂದು ಈ ನಾಲ್ಕನ್ನು ನೋಡಿರಿ. ನಮ್ಮ ಯಂತ್ರಕ್ಕೆ ಗ್ಯಾಸ್ ತುಂಬಿಸುವ ಅಗತ್ಯ ಇದುವರೆಗೂ ಬಂದಿಲ್ಲ.

ಹತ್ತಿಯ ಎಳೆ ಈಗಲೂ ತಂದೆಯವರ ದಿಂಬಿನ ಬದಿಯಲ್ಲಿದೆ. ನೆರೆಮನೆಯ ಕಿಟಕಿ ತೆರೆದಿದೆಯೇ ಎಂದು ಅವರು ಸಂಜೆ ಒಮ್ಮೆ ವಿಚಾರಿಸುತ್ತಾರೆ. ತೆರೆದಿದೆ ಎಂದ ಮೇಲೆಯೇ ಯಂತ್ರ ಹಾಕಲು ಹೇಳುತ್ತಾರೆ.